ಶೈಲಶ್ರೀ ಹೇಳಿದ ಎರಡು ಸುಳ್ಳು

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಸುತ್ತಲಿನ ಊರುಗಳವರು 'ಸದ್ಯ, ನಮ್ಮದಲ್ಲ' ಎಂದು ನೆಮ್ಮದಿಯಾಗಿ ಮಲಗುತ್ತಾರೆ. ಆ ನೆಮ್ಮದಿ ಯಾರಿಗೂ ಸಿಗಬಾರದೆಂದು ನನ್ನ ಹಟ. ಹಿರೇಕೆರೂರಿನಿಂದ ಬಸ್ಸಿಗೆ ಅರ್ಧ ತಾಸಿನ ದಾರಿ ಎಂದಷ್ಟು ತಿಳಿದರೆ ಸಾಕು. ಅಲ್ಲಿನ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ನಾನು ವಿಜ್ಞಾನ ಕಲಿಸಿದೆ. ಶೈಲಶ್ರೀ ಅದೇ ಶಾಲೆಯಲ್ಲಿ ಅಟೆಂಡರ್. ಗಂಟೆ ಬಾರಿಸುವುದು, ಕೋಣೆಗಳ ಬೀಗ ತೆಗೆಯುವುದು, ಸೀಮೆಸುಣ್ಣ ತಂದುಕೊಡುವುದು ಅವಳ ಕೆಲಸ. ಆದರೆ ಊರು ಅವಳನ್ನು ಗುರುತಿಸುತ್ತಿದ್ದುದು ಇನ್ನೊಂದು ಕೆಲಸದಿಂದ. ಅವಳು ಮಳೆ ಅಳೆಯುತ್ತಿದ್ದಳು.

ಶಾಲೆಯ ಹಿಂದಿನ ಬಯಲಿನಲ್ಲಿ ತಂತಿ ಬೇಲಿಯೊಳಗೆ ಒಂದು ಮಳೆಮಾಪಕವಿದೆ. ಮೇಲೊಂದು ಲಾಳಿಕೆ, ಒಳಗೊಂದು ಸೀಸೆ, ಜೊತೆಗೆ ಗೀಟು ಹಾಕಿದ ಗಾಜಿನ ಲೋಟ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಸೀಸೆಯ ನೀರನ್ನು ಲೋಟದಲ್ಲಿ ಅಳೆದು, ರಿಜಿಸ್ಟರಿನಲ್ಲಿ ಬರೆದು, ಅಂಕಿಯನ್ನು ಫೋನಿನಲ್ಲಿ ತಾಲೂಕು ಕಚೇರಿಗೆ ಕಳಿಸಬೇಕು. ಮಳೆ ಬೀಳದ ದಿನವೂ ನೋಡಿ ಸೊನ್ನೆ ಬರೆಯಬೇಕು. ನಾನಾಗಿದ್ದರೆ ಬೇಸಿಗೆಯ ಸೊನ್ನೆಗಳನ್ನೆಲ್ಲ ಒಂದೇ ದಿನ ಕುಳಿತು ಬರೆದು ಮುಗಿಸುತ್ತಿದ್ದೆ. ಶೈಲಶ್ರೀ ರವಿವಾರವೂ ಹೋಗುತ್ತಿದ್ದಳು, ಹಬ್ಬದ ದಿನವೂ ಹೋಗುತ್ತಿದ್ದಳು. ಏಪ್ರಿಲ್ ತಿಂಗಳಲ್ಲಿ ಜ್ವರದಿಂದ ನಡುಗುತ್ತ ಬಂದು ಒಣ ಸೀಸೆಯನ್ನು ಬಗ್ಗಿಸಿ ನೋಡಿ ಸೊನ್ನೆ ಬರೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೈದರೆ, "ನೋಡದ ಹೆಂಗ ಬರೀಲ್ರೀ ಸರ?" ಎಂದಳು.

ಹೀಗೆ ಹತ್ತೊಂಬತ್ತು ವರ್ಷ. ನಡುವೆ ಒಂದು ವರ್ಷ ವಿಪರೀತ ಮಳೆಯಾಗಿ ಊರಲ್ಲಿ ಮೂವತ್ತು ಗೋಡೆ ಬಿದ್ದವು. ಅರವತ್ತೈದು ಮಿಲಿಮೀಟರ್ ಬರೆದರೆ ಅದು ಭಾರೀ ಮಳೆ ಎನಿಸಿಕೊಳ್ಳುತ್ತದೆ, ಪರಿಹಾರ ಕೇಳುವುದು ಸುಲಭ ಎಂದು ಯಾರೋ ತಿಳಿದವರು ಹೇಳಿದರು. ಸೀಸೆಯಲ್ಲಿದ್ದದ್ದು ಅರವತ್ತೊಂದು. ಊರ ಹಿರಿಯ ಕರಬಸಪ್ಪನೇ ಶಾಲೆಗೆ ಬಂದು, "ನಾಕು ಗೀಟು ಏನ್ ಮಹಾ, ಬರದಬಿಡು ತಂಗಿ" ಎಂದ. ಇವಳು ಅರವತ್ತೊಂದೇ ಬರೆದಳು. ಎರಡು ತಿಂಗಳು ನೀರಿನ ನಲ್ಲಿಯ ಹತ್ತಿರ ಹೆಂಗಸರು ಇವಳೊಡನೆ ಮಾತು ಬಿಟ್ಟಿದ್ದರು. ಆಮೇಲೆ ಒಂದು ವಿಚಿತ್ರವಾಯಿತು. ಬೈದವರೇ ಬಿತ್ತುವ ಮುಂಚೆ ಅವಳ ಮನೆಗೆ ಬರತೊಡಗಿದರು. ಹವಾಮಾನದ ಮುನ್ಸೂಚನೆ ದಿನಾ ಅವಳ ಫೋನಿಗೆ ಬರುತ್ತಿತ್ತು. "ಶೈಲಾ ಬರತೈತಿ ಅಂದ್ರ ಬರತೈತಿ, ಇಲ್ಲ ಅಂದ್ರ ಇಲ್ಲ" ಎಂಬುದು ಊರಲ್ಲಿ ಗಾದೆಯಂತೆ ಓಡಾಡಿತು. ತಮ್ಮ ಪರವಾಗಿಯೂ ಒಂದು ಸುಳ್ಳು ಬರೆಯದವಳ ಮಾತನ್ನು ನಂಬಬಹುದೆಂದು ಆ ಜನಕ್ಕೆ ಗೊತ್ತಿತ್ತು. ಅಷ್ಟು ಬುದ್ಧಿ ಅವರಿಗೆ ಇತ್ತು ಎಂಬುದನ್ನು ನಾನು ಆಗ ಲೆಕ್ಕಕ್ಕೆ ಹಿಡಿಯಲಿಲ್ಲ.

ಅವಳ ತಾಯಿ ಮಹಾದೇವಕ್ಕ. ಗಂಡ ಬೇಗ ತೀರಿಹೋದ ಮೇಲೆ ಎರಡೆಕರೆ ಹೊಲ ಮಾಡಿಕೊಂಡು ಒಬ್ಬಳೇ ಮಗಳನ್ನು ಬೆಳೆಸಿದಾಕೆ. ಆಕೆಯ ಬೆನ್ನ ತುಂಬ ತೊನ್ನು. ಕುತ್ತಿಗೆಯ ಕೆಳಗಿನಿಂದ ಸೊಂಟದವರೆಗೆ ಚರ್ಮ ಬಿಳಿಯಾಗಿತ್ತು. ಮುಖ, ಕೈ ಎಲ್ಲೂ ಒಂದು ಚುಕ್ಕೆ ಇರಲಿಲ್ಲ. ನಲವತ್ತು ವರ್ಷ ತೋಳಿನ ತುಂಬ, ಬೆನ್ನಿನ ತುಂಬ ಕುಪ್ಪಸ ತೊಟ್ಟು ಅದನ್ನು ಮುಚ್ಚಿಟ್ಟಳು. ಕೆರೆಗೆ ಮೈ ತೊಳೆಯಲು ಎಂದೂ ಹೋಗಲಿಲ್ಲ. ಶೈಲಶ್ರೀಗೆ ಸವಣೂರಿನಿಂದ ಒಂದು, ಶಿಗ್ಗಾಂವಿಯಿಂದ ಎರಡು ಗಂಡು ಬಂದವು. ಮೂರನ್ನೂ ಏನಾದರೊಂದು ನೆಪ ಹೇಳಿ ತಾಯಿಯೇ ಕಳಿಸಿದಳು. ಬೀಗರು ಬಂದುಹೋಗಿ ಮಾಡಿದರೆ ಒಂದಲ್ಲ ಒಂದು ದಿನ ಗೊತ್ತಾಗುತ್ತದೆ, ಗೊತ್ತಾದರೆ ಮಗಳನ್ನು ತವರಿಗೆ ಅಟ್ಟುತ್ತಾರೆ ಎಂಬ ಹೆದರಿಕೆ. ಮಗಳು ಮದುವೆಯಿಲ್ಲದೆ ನಲವತ್ತು ದಾಟಿದಳು.

ನಮ್ಮ ಕಡೆ ಲಿಂಗಾಯತರು ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಆದರೆ ತೊನ್ನಿದ್ದವರನ್ನು ಹೂಳಬಾರದು, ಸುಡಬೇಕು ಎಂದು ಕೆಲವು ಊರುಗಳಲ್ಲಿ ನಂಬಿಕೆ. ಹೂತರೆ ಭೂಮಿತಾಯಿ ಮುನಿಯುತ್ತಾಳಂತೆ, ಆ ಊರಿನ ಮೇಲೆ ಮೋಡ ನಿಲ್ಲುವುದಿಲ್ಲವಂತೆ. ಮಹಾದೇವಕ್ಕನಿಗೆ ಬೆಂಕಿಯೆಂದರೆ ಭಯ. ಗಂಡನ ಗೋರಿಯ ಪಕ್ಕದಲ್ಲಿ, ತನ್ನದೇ ಹೊಲದ ಬದುವಿನಲ್ಲಿ ತನ್ನನ್ನೂ ಕೂರಿಸಬೇಕೆಂದು ಮಗಳ ಕೈಮೇಲೆ ಆಣೆ ಹಾಕಿಸಿಕೊಂಡಳು. ಆಕೆ ತೀರಿಕೊಂಡ ದಿನ ಶೈಲಶ್ರೀ ಬಾಗಿಲು ಹಾಕಿಕೊಂಡು ಹೆಣಕ್ಕೆ ತಾನೊಬ್ಬಳೇ ಸ್ನಾನ ಮಾಡಿಸಿದಳು. ಹೊರಗಿನ ಹೆಂಗಸರು ಇದೇನು ಹೊಸ ಪದ್ಧತಿ ಎಂದು ಗೊಣಗಿದರು. ಮಗಳ ದುಃಖ ಎಂದುಕೊಂಡು ಸುಮ್ಮನಾದರು. ಮಹಾದೇವಕ್ಕ ಬಯಸಿದ ಮಣ್ಣೊಳಗೆ, ಮೂಡಣಕ್ಕೆ ಮುಖ ಮಾಡಿ ಕುಳಿತಳು.

ಗುಟ್ಟು ಹೊರಬಿದ್ದದ್ದು ಶೈಲಶ್ರೀಯ ಬಾಯಿಂದಲೇ, ಅದೂ ನನ್ನ ತರಗತಿಯಲ್ಲಿ.

ಎಂಟನೆಯ ತರಗತಿಗೆ ಸಮತಾ ಎಂಬ ಹುಡುಗಿ ಬಂದಳು. ಕೂಲಿ ಮಾಡುತ್ತ ಊರ ಗೋರಿಗಳನ್ನೂ ತೋಡುವ ಗುತ್ತೆಪ್ಪನ ಮಗಳು. ಅವಳ ತುಟಿಯ ಅಂಚಿನಲ್ಲಿ ಕಡಲೆಕಾಳಿನಷ್ಟು ಬಿಳಿ ಮಚ್ಚೆ ಮೂಡಿತು. ಗುತ್ತೆಪ್ಪನ ಕೇರಿಯ ಮಕ್ಕಳ ಪಕ್ಕ ಕೂರಲು ಮೊದಲೇ ಹಿಂದೆಮುಂದೆ ನೋಡುತ್ತಿದ್ದವರಿಗೆ ಈಗ ಒಳ್ಳೆಯ ನೆವ ಸಿಕ್ಕಿತು. ಬಿಸಿಯೂಟದ ಸಾಲಿನಲ್ಲಿ ಅವಳ ಎರಡೂ ಬದಿಗೆ ಜಾಗ ಖಾಲಿ ಬಿದ್ದಿತು. ನಾನು ಚರ್ಮದ ಬಣ್ಣ, ಜೀವಕೋಶ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಒಂದು ತಾಸು ಕೊರೆದೆ. ಯಾರೂ ಕದಲಲಿಲ್ಲ. ಅದೇ ತರಗತಿಗೆ ಹಿಂದಿನ ವಾರ ನಾನು ದೊಡ್ಡ ಭಾಷಣ ಮಾಡಿದ್ದೆ. ಸುಮಾರು ಇನ್ನೂರೆಪ್ಪತ್ತು ವರ್ಷದ ಹಿಂದೆ ಲಿಸ್ಬನ್ ಎಂಬ ಪಟ್ಟಣ ಹಬ್ಬದ ಮುಂಜಾನೆ ಭೂಕಂಪಕ್ಕೆ ಕುಸಿದದ್ದು, ಪೂಜೆಗೆ ಹೋದವರೇ ಇಗರ್ಜಿಗಳ ಕೆಳಗೆ ಸತ್ತದ್ದು, ಇದು ಪಾಪದ ಫಲ ಎಂದು ಪಾದ್ರಿಗಳು ಸಾರಿದ್ದು, ಭೂಮಿಯೊಳಗೆ ಏನಾಯಿತೆಂದು ಕೆಲವರು ಮಾತ್ರ ಕೇಳಿದ್ದು, ಅಲ್ಲಿಂದ ಮನುಷ್ಯನ ಕಣ್ಣು ತೆರೆದದ್ದು. ಬಾಗಿಲ ಹತ್ತಿರ ನಿಂತು ಕೇಳಿದ ಶೈಲಶ್ರೀ ಆಮೇಲೆ ನನ್ನನ್ನು, "ಸರ, ಪಾಪಿ ಅಂತ ಆ ಊರಾಗ ಯಾರನ್ನ ಹಿಡದ್ರು?" ಎಂದು ಕೇಳಿದ್ದಳು. ಅದು ಪಾಠದಲ್ಲಿಲ್ಲ ಎಂದಿದ್ದೆ.

ಚರ್ಮದ ಪಾಠದ ದಿನ ಸೀಮೆಸುಣ್ಣ ಕೊಡಲು ಬಂದವಳು ಸಮತಾಳ ಪಕ್ಕದ ಖಾಲಿ ಜಾಗ ನೋಡಿದಳು. ಹೋಗಿ ಅಲ್ಲಿ ಕೂತಳು. "ಇದು ಹತ್ತಿಕೊಳ್ಳು ರೋಗ ಅಲ್ರೋ. ನಮ್ಮವ್ವಗ ಬೆನ್ನ ತುಂಬ ಇತ್ತು. ಆ ಬೆನ್ನಿಗೆ ಮಾರಿ ಹಚ್ಚಿ ಮಲಗಿ ದೊಡ್ಡಾಕ್ಯಾಗೇನಿ. ನೋಡ್ರಿ ನನ್ನ ಕೈ, ನೋಡ್ರಿ ನನ್ನ ಮಾರಿ" ಎಂದಳು. ಮಕ್ಕಳು ಕಣ್ಣು ಬಿಟ್ಟುಕೊಂಡು ನೋಡಿದರು. ಮರುದಿನ ಇಬ್ಬರು ಹುಡುಗಿಯರು ಸಮತಾಳ ಪಕ್ಕ ಊಟಕ್ಕೆ ಕೂತರು. ನನ್ನ ಚಿತ್ರಗಳಿಂದ ಆಗದ್ದು ಅವಳ ಒಂದು ಮಾತಿನಿಂದ ಆಯಿತೆಂದು ನಾನು ಬೀಗಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಕ್ಕಳು ಮನೆಗೆ ಹೋಗಿ ಹೇಳಿದರು. ಆ ವರ್ಷ ಮಳೆ ಚೆನ್ನಾಗಿತ್ತು, ದೊಡ್ಡವರು ಕೇಳಿ ಸುಮ್ಮನಿದ್ದರು.

ಮುಂದಿನ ವರ್ಷ ಮಳೆ ಕೈಕೊಟ್ಟಿತು. ಮೃಗಶಿರಾ ಮಳೆ, ನಮ್ಮ ಕಡೆಯ ಮಿರಗ, ಒಣಗಿಯೇ ಹೋಯಿತು. 'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಎಂದು ಗಾದೆ. ಆರಿದ್ರಾ ಮಳೆಯೂ ಎರಡು ದಿನ ಚಿಮುಕಿಸಿ ನಿಂತಿತು. ಗೋವಿನಜೋಳ ಗೇಣುದ್ದ ಎದ್ದು ಸುರುಳಿ ಸುತ್ತಿಕೊಂಡಿತು. ಊರವರು ತಲೆಯ ಮೇಲೆ ಹಂಚಿಟ್ಟು ಗುರ್ಜಿ ಎಂಬ ಸೆಗಣಿಯ ಮಳೆದೇವತೆಯನ್ನು ಹೊತ್ತು ಮನೆಮನೆಗೂ ಹೋಗಿ ನೀರು ಹಾಕಿಸಿಕೊಂಡರು. ಆಗಲಿಲ್ಲ. ಎರಡು ಕತ್ತೆ ತಂದು ಬಾಸಿಂಗ ಕಟ್ಟಿ ಮದುವೆ ಮಾಡಿದರು. ನಾನು ನನ್ನ ಫೋನಿನಲ್ಲಿ ಅದರ ಚಿತ್ರ ತೆಗೆದು ಗೆಳೆಯರಿಗೆ ಕಳಿಸಿ ನಕ್ಕೆ. ಆಮೇಲೆ ಒಂದು ಸಂಜೆ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಯಾರೋ ಮಹಾದೇವಕ್ಕನ ಹೆಸರೆತ್ತಿದರು.

ಒಂದು ಹೆಸರು ಸಿಕ್ಕಮೇಲೆ ಊರಿಗೆ ನಿದ್ದೆಯಿಲ್ಲ. ಶರಣು ಎಂಬ ಟ್ರ್ಯಾಕ್ಟರಿನವನೊಬ್ಬ ಹುಡುಗರ ಗುಂಪು ಕಟ್ಟಿ, ನಾಳೆಯೇ ಅಗೆಯೋಣ ಎಂದು ಕುಣಿದ. ಕರಬಸಪ್ಪ ತಡೆದ. "ಇನ್ನಷ್ಟು ದಿನ ನೋಡೂಣು. ಆ ಹುಡುಗಿ ಮನಸಿಗೆ ಬ್ಯಾನಿ ಆಕ್ಕೈತಿ" ಎಂದ. ಒಂದು ವಾರ ಹಾಗೆ ತಡೆದ. ನಾನು ಅದನ್ನು ಮುದುಕನ ನಾಟಕವೆಂದುಕೊಂಡೆ. ಶೈಲಶ್ರೀ ಊಟ ಬಿಟ್ಟಳು. ಪೊಲೀಸರಿಗೆ ಹೇಳೋಣ ಎಂದೆ. "ಸಲಿಕಿ ಹಿಡ್ಯಾವ ಗುತ್ತೆಪ್ಪ ಸರ. ಮೊದಲ ಅವನ್ನ ಎಳಕೊಂಡು ಹೊಕ್ಕಾರ. ಅಗಿ ಅಂತ ಹೇಳಿದವರು ಮನ್ಯಾಗ ಇರ್ತಾರ" ಎಂದಳು. ಅದು ನಿಜವೇ ಆಗಿತ್ತು.

ಮಂಗಳವಾರ ಮಧ್ಯಾಹ್ನ ಮೂರರ ಹೊತ್ತಿಗೆ ಅವಳು ಸ್ಟಾಫ್ ರೂಮಿಗೆ ಓಡಿಬಂದಳು. ಕೈಯಲ್ಲಿ ಫೋನು. ಶುಕ್ರವಾರ ಸಂಜೆಯಿಂದ ಜಿಲ್ಲೆಯ ತುಂಬ ಸಾಧಾರಣದಿಂದ ಭಾರೀ ಮಳೆ ಎಂದು ಮುನ್ಸೂಚನೆ. ಒಂದು ವಾರದಲ್ಲಿ ಮೊದಲ ಸಲ ಅವಳ ಮುಖದಲ್ಲಿ ರಕ್ತ ಕಂಡೆ.

"ಸರ, ಗುಡಿ ಕಟ್ಟಿಗೆ ಬಾ ಅಂತ ಕರಬಸಪ್ಪಜ್ಜ ಹೇಳಿಕಳಿಸ್ಯಾನ. ಮಳಿ ಯಾವಾಗ ಅಂತ ಕೇಳ್ತಾನ. ಇದನ್ನ ತೋರಿಸಿಬಿಡ್ತೇನಿ. ಮೂರು ದಿನ ತಡದ್ರ ಅವ್ವ ಉಳೀತಾಳ."

ಸತ್ತು ಎರಡೂವರೆ ವರ್ಷವಾದವಳ ಬಗ್ಗೆ ಉಳೀತಾಳ ಎಂದಳು. ಆದರೆ ನಾನು ವಿಚಾರವಂತ, ಜನರ ಮನಸ್ಸನ್ನು ಓದಬಲ್ಲವ.

"ಹುಚ್ಚಿ ಅದೀಯೇನು?" ಎಂದೆ. "ಮಳಿ ಬರತೈತಿ ಅಂತ ಗೊತ್ತಾದ್ರ ನಾಳೇನ ಅಗೀತಾರ. ಹೆಣ ಸುಟ್ಟಿದ್ದಕ್ಕ ಮಳಿ ಬಂತು ಅಂತ ಡಂಗುರ ಹೊಡಸ್ತಾರ. ಗಾಳಿ ಬಂದಾಗ ತೂರಿಕೊಳ್ಳು ಮಂದಿ ಇವರು. ಹದಿನೈದು ದಿನ ಮಳಿ ಇಲ್ಲ ಅಂತ ಹೇಳು. ಬರೂದಿಲ್ಲ ಅಂತ ಗೊತ್ತಿದ್ದೂ ಅಗದು ಮಾರಿ ಕೆಡಿಸಿಕೊಳ್ಳಾಕ ಯಾರು ಮುಂದ ಬರ್ತಾರ? ಶುಕ್ರವಾರ ಮಳಿ ಬಿದ್ದಮ್ಯಾಲೆ ಎಲ್ಲಾರೂ ಹೊಲಕ್ಕ ಓಡ್ತಾರ. ನಿಮ್ಮವ್ವನ್ನ ಮರೀತಾರ."

"ಐತಿ ಅನ್ನೂದನ್ನ ಇಲ್ಲ ಅನ್ನಾಕ ನನಗ ಬರೂದಿಲ್ರೀ ಸರ."

"ನಿಮ್ಮವ್ವನ ಸಲುವಾಗಿ ಒಮ್ಮಿ ಅನ್ನು."

ಕಟ್ಟೆಯ ಮೇಲೆ ಇಪ್ಪತ್ತು ಮೂವತ್ತು ಜನ ಸೇರಿದ್ದರು. ನಾನೂ ಹೋಗಿ ಹಿಂದೆ ನಿಂತೆ. ಶರಣು ಮತ್ತು ಅವನ ಗೆಳೆಯರು ಕಟ್ಟೆಯ ಅಂಚಿಗೆ ಕಾಲು ಇಳಿಬಿಟ್ಟು ಕೂತಿದ್ದರು. ಕರಬಸಪ್ಪ ಅವಳಿಗೆ ಕೂರಲು ಹೇಳಿ ನೀರು ಕೊಡಿಸಿದ. "ಎಲ್ಲಾರ ಮುಂದ ಹೇಳು ತಂಗಿ. ಮಳಿ ಐತೋ ಇಲ್ಲೋ?" ಎಂದ.

"ಇಲ್ರಿ. ಇನ್ನ ಹದಿನೈದು ದಿನ ಇಲ್ರಿ" ಎಂದಳು ಶೈಲಶ್ರೀ. ಕುಡಿಯದ ನೀರಿನ ಲೋಟವನ್ನು ಕಟ್ಟೆಯ ಮೇಲಿಟ್ಟಳು.

ಗೆದ್ದೆ ಎಂದುಕೊಂಡೆ. ಕರಬಸಪ್ಪ ಪಟಗ ತೆಗೆದು ತೊಡೆಯ ಮೇಲಿಟ್ಟುಕೊಂಡು ತಲೆ ಸವರಿಕೊಂಡ.

"ಆತು" ಎಂದ. "ಶೈಲಾ ಇಲ್ಲ ಅಂದ್ಲಂದ್ರ ಇಲ್ಲ. ಹದಿನೈದು ದಿನಕ್ಕ ಒಂದು ದಂಟೂ ಉಳಿಯೂದಿಲ್ಲ. ನಾ ಇನ್ನ ಯಾರನ್ನ ಹೆಂಗ ತಡೀಲಿ? ಗುರುವಾರ ಮುಂಜಾನೆ ಮಾಡ್ರಿ."

ಶೈಲಶ್ರೀ ತಿರುಗಿ ಗುಂಪಿನಲ್ಲಿ ನನ್ನನ್ನು ಹುಡುಕಿದಳು. ಈಗಲಾದರೂ ಹೇಳಿಬಿಡಲೇ ಎಂದು ಕೇಳುವ ನೋಟ ಅದು. ನಾನು ಬೇಡವೆಂದು ತಲೆಯಾಡಿಸಿದೆ. ಗುರುವಾರದೊಳಗೆ ಇವರೇ ಅಂಜಿ ಬಿಟ್ಟಾರು ಎಂಬ ಇನ್ನೊಂದು ಜಾಣತನ ನನ್ನ ತಲೆಯಲ್ಲಿ ಮೊಳೆತಿತ್ತು.

ಬುಧವಾರ ಸಂಜೆ ಗುತ್ತೆಪ್ಪ ಅವಳ ಅಂಗಳಕ್ಕೆ ಬಂದ. ಒಳಗೆ ಬಾ ಎಂದರೂ ಬಾರದೆ ಕೈ ಮುಗಿದು ನಿಂತ. "ಅಕ್ಕಾರ, ಒಲ್ಲೆ ಅಂದ್ರ ನಾಳೆ ನಮ್ಮ ಸಮತಾನ ಮಾರಿ ನೋಡ್ತಾರ್ರಿ" ಎಂದ. ಶೈಲಶ್ರೀ ಅವನನ್ನು ಬೈಯಲಿಲ್ಲ. "ಮೂಡಲಕ್ಕ ಮಾರಿ ಮಾಡಿ ಕುಂದ್ರಿಸೇವಿ. ಆ ಕಡಿಂದ ಸಲಿಕಿ ಹಾಕಬ್ಯಾಡಪ್ಪ, ಮಾರಿಗೆ ಬಡೀತೈತಿ" ಎಂದಷ್ಟೇ ಹೇಳಿದಳು. ಅವನು ಅಳುತ್ತ ಹೋದ.

ಯಾರೂ ಅಂಜಲಿಲ್ಲ. ಗುರುವಾರ ಆರು ಗಂಟೆಗೆ ಬದುವಿನ ಸುತ್ತ ಜನ ನಿಂತಿದ್ದರು. ಗುತ್ತೆಪ್ಪ ಪಡುವಲ ಕಡೆಯಿಂದ ಅಗೆದ, ಕೊನೆಕೊನೆಗೆ ಸಲಿಕೆ ಬಿಟ್ಟು ಕೈಯಿಂದ ಮಣ್ಣು ತೆಗೆದ. ಮಹಾದೇವಕ್ಕ ಕೂತೇ ಇದ್ದಳು. ತಲೆ ಮಾತ್ರ ಕಳಚಿ ಮಡಿಲಿಗೆ ಬಿದ್ದಿತ್ತು. ಬಿಳಿಯ ಜಡೆಯೊಂದು ಹಾಗೇ ಉಳಿದಿತ್ತು. ಯಾವ ಚರ್ಮಕ್ಕಾಗಿ ಅಗೆದರೋ ಆ ಚರ್ಮವನ್ನು ಮಣ್ಣು ಎಂದೋ ತಿಂದು ಮುಗಿಸಿತ್ತು. ಎಲುಬು ಯಾರದಾದರೂ ಬಿಳಿಯೇ. ಆದರೂ ಶರಣು ಬಗ್ಗಿ ನೋಡಿ, "ನೋಡ್ರಿ, ಹೆಂಗ ಬೆಳ್ಳಗ ಐತಿ!" ಎಂದು ಕೂಗಿದ. ಜನ ಹೌದು ಹೌದೆಂದು ತಲೆಯಾಡಿಸಿದರು. ಹಳೆಯ ಟೈರು, ಗೋವಿನಜೋಳದ ಒಣ ಬೆಂಡು, ಡೀಸೆಲ್ಲು ಹಾಕಿ ಹೊಲದ ನಡುವೆ ಸುಟ್ಟರು. ಬೆಂಕಿಗೆ ಅಂಜುತ್ತಿದ್ದವಳು ಮುಕ್ಕಾಲು ತಾಸು ಉರಿದಳು. ಮಗಳು ಕಣ್ಣು ಮುಚ್ಚಲಿಲ್ಲ. ಎಂಟೂ ಹತ್ತಕ್ಕೆ ಅಲ್ಲಿಂದ ಹೊರಟು ಶಾಲೆಗೆ ಬಂದು, ಸೀಸೆ ತೆಗೆದು ಬಗ್ಗಿಸಿ ನೋಡಿ, ಸೊನ್ನೆ ಬರೆದಳು. ಅವಳ ಸೀರೆಯಿಂದ ಟೈರಿನ ವಾಸನೆ ಬರುತ್ತಿತ್ತು.

ಶುಕ್ರವಾರ ಸಂಜೆ ಐದಕ್ಕೆ ಗಾಳಿ ಎದ್ದಿತು, ಆರಕ್ಕೆ ಮಳೆ. ಬೆಳಗಿನವರೆಗೂ ಸುರಿಯಿತು. ಶನಿವಾರ ಅವಳ ರಿಜಿಸ್ಟರಿನಲ್ಲಿ ಐವತ್ತೆರಡು ದಶಾಂಶ ನಾಲ್ಕು.

ಶರಣು ಮತ್ತು ಗೆಳೆಯರು ಕೆಸರಿನಲ್ಲಿ ಹೊರಳಿ ಕುಣಿದರು. ಹೆಂಗಸರು ಅರಿಷಿಣ ಕುಂಕುಮ ತಂದು ಸುಟ್ಟ ಜಾಗದಲ್ಲಿ ಎರಚಿ ಕಾಯಿ ಒಡೆದರು. ಎರಡೂವರೆ ವರ್ಷ ಮಳೆ ತಡೆದಿದ್ದಳೆಂದು ಬೈದ ಬಾಯಿಯೇ 'ಮಳೆ ಕೊಟ್ಟ ತಾಯಿ' ಎಂದು ಹಾಡಿತು. ನಡುವೆ ಎರಡು ವರ್ಷ ಒಳ್ಳೆಯ ಮಳೆಯಾದದ್ದು ಯಾರಿಗೂ ನೆನಪಾಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಬಸ್ಸಿನಲ್ಲಿ, ಹಿರೇಕೆರೂರಿನ ಸಂತೆಯಲ್ಲಿ ಎಲ್ಲೆಲ್ಲೂ ಒಂದೇ ಮಾತು. "ಹವಾಮಾನದವರು ಹದಿನೈದು ದಿನ ಇಲ್ಲ ಅಂದಿದ್ರಂತ. ಶೈಲಾನ ಬಾಯಿಂದನ ಅಂದಾಳ. ಸುಟ್ಟ ಮರುದಿನನ ಬಂತು ನೋಡ್ರಿ!" ಹತ್ತೊಂಬತ್ತು ವರ್ಷ ಒಂದು ಗೀಟೂ ಸುಳ್ಳು ಬರೆಯದವಳ ಮಾತು ಆ ಪವಾಡಕ್ಕೆ ಸಾಕ್ಷಿಯಾಯಿತು. ಮರುವಾರ ಹಾನಗಲ್ ಕಡೆಯ ಯಾವುದೋ ಊರಲ್ಲಿ ಇನ್ನೊಂದು ಗೋರಿ ಅಗೆದರೆಂದು ಸುದ್ದಿ ಬಂತು. ಅದು ಒಂಬತ್ತು ವರ್ಷದ ಹುಡುಗಿಯದಂತೆ.

ಆ ಸುದ್ದಿ ಕೇಳಿದ ಸಂಜೆ ಶೈಲಶ್ರೀ ಶಾಲೆಯಿಂದ ನೇರ ಕಟ್ಟೆಗೆ ನಡೆದಳು. ಮಳೆ ಜಿನುಗುತ್ತಿತ್ತು. ನಾನು ಬಸ್ಸಿಗೆ ಹೊರಟವ, ಏನು ಮಾಡುತ್ತಾಳೋ ಎಂಬ ಭಯಕ್ಕೆ ಕೊಡೆ ಹಿಡಿದು ಹಿಂದೆ ಹೋದೆ. ಕಟ್ಟೆಯ ಮೇಲೆ ಕರಬಸಪ್ಪ ಮತ್ತು ಇನ್ನಿಬ್ಬರು ಮುದುಕರು ಕಂಬಳಿ ಹೊದ್ದು ಕೂತಿದ್ದರು. ಅವಳು ಫೋನು ತೆಗೆದು ಮಂಗಳವಾರದ ಸಂದೇಶವನ್ನು ಕರಬಸಪ್ಪನ ಮುಂದೆ ಹಿಡಿದಳು.

"ಅಜ್ಜ, ನಾ ಸುಳ್ಳು ಹೇಳಿದ್ದೆ. ಶುಕ್ರವಾರ ಮಳಿ ಐತಿ ಅಂತ ಮಂಗಳವಾರನ ಬಂದಿತ್ತು. ಅವ್ವನ್ನ ಸುಟ್ಟಿದ್ದಕ್ಕ ಬಂದ ಮಳಿ ಅಲ್ಲ ಇದು. ಎಲ್ಲಾರಿಗೂ ಹೇಳ್ರಿ."

ಕರಬಸಪ್ಪ ಚಾಳೀಸು ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದ. ತಾರೀಖು ನೋಡಿದ. ಮತ್ತೊಮ್ಮೆ ಓದಿದ. ನಂಬುವುದಿಲ್ಲ, ದುಃಖಕ್ಕೆ ಏನೋ ಬಡಬಡಿಸುತ್ತಾಳೆ ಎಂದು ಅಟ್ಟುತ್ತಾನೆಂದು ಕಾಯುತ್ತಿದ್ದೆ. ಹಾಗೆ ಅಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅವನು ನಂಬಿದ. ಫೋನನ್ನು ಅವಳಿಗೆ ಮರಳಿಸಿದ.

"ಗೊತ್ತಿದ್ದೂ ಯಾಕ ಹೇಳಲಿಲ್ಲ ತಂಗಿ?" ಎಂದ. "ಒಂದು ವಾರದಿಂದ ಆ ಹುಡುಗರನ್ನ ತಡದು ತಡದು ನನಗ ಸಾಕಾಗಿತ್ತು. ಅದಕ್ಕ ನಿನ್ನ ಕರೆಸಿದೆ. ಶುಕ್ರವಾರ ಅಂತ ನಿನ್ನ ಬಾಯಾಗ ಬಂದಿದ್ರ, ಶುಕ್ರವಾರದ ತನಕ ಒಬ್ಬರಿಗೂ ಸಲಿಕಿ ಮುಟ್ಟಗೊಡ್ತಿರಲಿಲ್ಲ. ಮಳಿ ಬಂದಮ್ಯಾಲೆ ನಿಮ್ಮವ್ವನ ಸುದ್ದಿ ಯಾರಿಗೆ ಬೇಕಿತ್ತು?"

ಶೈಲಶ್ರೀ ಕಟ್ಟೆಯ ಕಲ್ಲಿನ ಮೇಲೆ ಕೂತಳು.

"ನಿನಗ ಇಂಥಾ ಬುದ್ಧಿ ಬರೂದಿಲ್ಲ. ಹಿಂಗ ಹೇಳು ಅಂತ ಯಾರು ಹೇಳಿಕೊಟ್ರು?" ಎಂದು ಕೇಳಿದ ಕರಬಸಪ್ಪ.

ನಾನು ಅವಳಿಂದ ನಾಲ್ಕು ಹೆಜ್ಜೆ ಹಿಂದೆ ಕೊಡೆ ಹಿಡಿದು ನಿಂತಿದ್ದೆ. ಅವಳು ನನ್ನ ಕಡೆ ತಿರುಗಲಿಲ್ಲ.

"ಯಾರೂ ಇಲ್ರಿ" ಎಂದಳು. "ನಾನ ಹೇಳೇನಿ."

ರಸ್ತೆಯ ತಿರುವಿನಲ್ಲಿ ಹಿರೇಕೆರೂರಿನ ಬಸ್ಸು ಹಾರ್ನ್ ಹೊಡೆಯಿತು. ನಾನು ಹೋಗಿ ಬಸ್ಸು ಹತ್ತಿದೆ.